ಹೊರಗೆ ಕೂತು ಶುರು ಮಾಡಿದ ಚಿತ್ರವನ್ನು ಮನೆಯಲ್ಲಿ ಫೋಟೋ ನೋಡಿ ಮುಗಿಸೋದು ಸರೀನಾ?

ಕುಕ್ಕರಹಳ್ಳಿ ದಂಡೆ (ಮೈಸೂರು)

ನಮ್ಮ ಭಾನುವಾರದ ಗುಂಪಿನಲ್ಲಿ ಈ ವಿಷಯಕ್ಕೆ ಮಾತು ಜೋರಾಗಿ ನಡೆದಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮದು ಸಂಘ ಗಿಂಘ ಅಲ್ಲ. ಬ್ಯಾಂಕಿನವರು, ಟೀಚರ್‌ಗಳು, ಕಾಲೇಜು ಹುಡುಗರು, ಒಬ್ಬರು ನಿವೃತ್ತ ನರ್ಸಮ್ಮ. ಯಾರಿಗೂ ಚಿತ್ರ ಬರೆಯೋದು ಕಸುಬಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಜಾಗದಲ್ಲಿ ಸೇರುತ್ತೇವೆ. ಒಂದು ವಾರ ಕುಕ್ಕರಹಳ್ಳಿ ಕೆರೆ, ಇನ್ನೊಂದು ವಾರ ದೇವರಾಜ ಮಾರ್ಕೆಟ್, ಕೆಲವೊಮ್ಮೆ ಶ್ರೀರಂಗಪಟ್ಟಣ ಅಥವಾ ಮೇಲುಕೋಟೆ. ಹತ್ತರವರೆಗೆ ಬರೆದು, ಎಲ್ಲರ ಚಿತ್ರ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ, ತಿಂಡಿ ತಿಂದು ಮನೆಗೆ. ಫೀಸು ಇಲ್ಲ.

ಈಚೆಗೆ ಏನಾಗುತ್ತಿದೆ ಅಂದರೆ, ಅರ್ಧ ಜನ ಸ್ವಲ್ಪ ಹೊತ್ತು ಪೆನ್ಸಿಲ್ ಗೆರೆ ಹಾಕಿ, ಫೋನಿನಲ್ಲಿ ನಾಲ್ಕು ಫೋಟೋ ಹೊಡೆದು ಎದ್ದುಬಿಡುತ್ತಾರೆ. ಉಳಿದದ್ದು ಮನೆಯಲ್ಲಿ. ಸಂಜೆ ವಾಟ್ಸಾಪ್‌ಗೆ ಬರುವ ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತದೆ, ನಾನೇನೂ ಅದನ್ನು ಕೀಳು ಅನ್ನುತ್ತಿಲ್ಲ. ಆದರೆ ಬೆಳಿಗ್ಗೆ ನಾವೆಲ್ಲ ಒಟ್ಟಿಗೆ ಕಂಡ ಬೆಳಕು ಅದರಲ್ಲಿ ಇರೋದಿಲ್ಲ.

ಒಂದು ಉದಾಹರಣೆ ಹೇಳ್ತೀನಿ. ದೇವರಾಜ ಮಾರ್ಕೆಟ್ಟಿನ ಕುಂಕುಮದ ಅಂಗಡಿ ಮುಂದೆ ಕೂತಿದ್ದೆವು. ತಟ್ಟೆಗಳಲ್ಲಿ ಗೋಪುರದ ಹಾಗೆ ಕುಂಕುಮ, ಅರಿಶಿನ, ಬಣ್ಣದ ಪುಡಿ. ಮೇಲೆ ನೀಲಿ ಟಾರ್ಪಾಲು. ಬೆಳಕು ಬರುವ ಕಡೆ ಕುಂಕುಮ ಕಿತ್ತಳೆಗೆ ತಿರುಗಿತ್ತು, ಟಾರ್ಪಾಲಿನ ನೆರಳಿನ ಕಡೆ ಅದೇ ಕುಂಕುಮ ನೇರಳೆ, ಇನ್ನೇನು ಬದನೆಕಾಯಿ ಬಣ್ಣ. ಪಕ್ಕದ ಅರಿಶಿನದ ಗುಡ್ಡೆಯಿಂದ ಕುಂಕುಮದ ಬುಡಕ್ಕೆ ಸಣ್ಣಗೆ ಹಳದಿ ಹೊಳಪು ಬೀಳುತ್ತಿತ್ತು. ಫೋನಿನಲ್ಲಿ ತೆಗೆದ ಫೋಟೋ ನೋಡಿದರೆ ಇಡೀ ಗುಡ್ಡೆ ಒಂದೇ ಕೆಂಪು. ಆ ಫೋಟೋ ನೋಡಿ ಮನೆಯಲ್ಲಿ ಬರೆದವರ ಚಿತ್ರದಲ್ಲೂ ಒಂದೇ ಕೆಂಪು. ಅಲ್ಲೇ ಕೂತು ಬರೆದ ನರ್ಸಮ್ಮನ ಚಿತ್ರದಲ್ಲಿ ಗೆರೆ ಸೊಟ್ಟ ಇದ್ದವು, ತಟ್ಟೆ ದುಂಡಗಿರಲಿಲ್ಲ, ಆದರೆ ಆ ನೇರಳೆ ಇತ್ತು.

ನನ್ನ ಅಭಿಪ್ರಾಯ ಇಷ್ಟೇ: ಮುಗಿಯದಿದ್ದರೆ ಹಾಗೇ ಬಿಡಿ. ಇನ್ನೊಂದು ಭಾನುವಾರ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಬನ್ನಿ. ನೀವೆಲ್ಲ ಏನಂತೀರಿ?

ಜಯನಗರ ಸ್ಕೆಚ್

ನಾನು ಒಪ್ಪೋದಿಲ್ಲ, ಬೇಜಾರು ಮಾಡ್ಕೋಬೇಡಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಿಗೋದೇ ನಮಗೆ ದೊಡ್ಡದು. ನನಗೆ ಚಿಕ್ಕ ಮಗು ಇದೆ. ಲಾಲ್‌ಬಾಗಿನ ಬಂಡೆ ಮೇಲೆ ಕೂತು ಗೆರೆ ಹಾಕುವಷ್ಟರಲ್ಲಿ ಮನೆಯಿಂದ ಫೋನು. ಫೋಟೋ ನೋಡಿ ಮುಗಿಸಬೇಡಿ ಅಂದರೆ ನನ್ನಂಥವರ ಒಂದು ಚಿತ್ರವೂ ಮುಗಿಯೋದಿಲ್ಲ.

ಇನ್ನೊಂದು ಮಾತು. ಹೊರಗೆ ಬರೆಯುವವರಿಗೆಲ್ಲ ದೊಡ್ಡಪ್ಪನಂತಿರುವ ಫ್ರೆಂಚ್ ಚಿತ್ರಕಾರ ಮೋನೆ 1890-91ರಲ್ಲಿ ಹುಲ್ಲಿನ ಬಣವೆಗಳನ್ನು ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಿಸುತ್ತಾ ಬರೆದ, ಸರಿ. ಆದರೆ ಆಮೇಲೆ ಸ್ಟುಡಿಯೋದಲ್ಲಿ ಅವನ್ನು ತಿದ್ದಿ ಮುಗಿಸಿದ್ದೂ ನಿಜ ಅಲ್ವಾ? ಅವನಿಗೆ ಇದ್ದ ಸಲುಗೆ ನಮಗೆ ಯಾಕಿಲ್ಲ?

ಹಾಂ, ಅರ್ಬನ್ ಸ್ಕೆಚರ್ಸ್ ಅಂತ 2007ರಲ್ಲಿ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೊ ಶುರು ಮಾಡಿದ ಬಳಗದಲ್ಲಿ ಜಾಗದಲ್ಲೇ, ಕಣ್ಣಾರೆ ಕಂಡು ಬರೆಯಬೇಕು ಅನ್ನೋದು ಮೊದಲ ನಿಯಮ. ಅದು ಗೊತ್ತು. ಅದು ಅವರು ತಮಗೆ ಹಾಕಿಕೊಂಡದ್ದು. ಹವ್ಯಾಸಿಗಳ ಸಣ್ಣ ಗುಂಪಿಗೆ ಅಷ್ಟು ಕಟ್ಟುಪಾಡು ಬೇಡ ಅನ್ಸುತ್ತೆ.

ಡ್ರಾಯಿಂಗ್ ಮೇಷ್ಟ್ರು

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು. ಈ ಪ್ರಶ್ನೆ ಆಗಲೂ ಇತ್ತು, ಫೋನು ಇರಲಿಲ್ಲ ಅಷ್ಟೇ, ಕ್ಯಾಲೆಂಡರ್ ಚಿತ್ರ ಇತ್ತು.

ಮನೆಯಲ್ಲಿ ಮುಗಿಸೋದು ಬೇರೆ, ಫೋಟೋ ನೋಡಿ ಮುಗಿಸೋದು ಬೇರೆ. ಮೋನೆ ತಿದ್ದಿದ್ದು ತಾನು ಹೊರಗೆ ಹಾಕಿದ ಬಣ್ಣಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ನೆನಪಿನ ಮೇಲೆ. ಅದು ತಪ್ಪೇ ಅಲ್ಲ. ಜಯನಗರದ ತಾಯಿ, ನೀವೂ ಹಾಗೇ ಮಾಡಿ. ಫೋಟೋದ ತೊಂದರೆ ಎಲ್ಲಿ ಅಂದರೆ, ಅದು ನಿಮ್ಮ ನೆನಪನ್ನು ಅಳಿಸಿ ತಾನು ಕೂತುಬಿಡುತ್ತದೆ. ನಮ್ಮ ಕಣ್ಣು ಬಿಸಿಲು ನೋಡುವಾಗ ಒಂದು ರೀತಿ, ನೆರಳಿನೊಳಗೆ ನೋಡುವಾಗ ಇನ್ನೊಂದು ರೀತಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಎರಡನ್ನೂ ಹಿಡಿಯೋದು ಕಷ್ಟ. ಒಂದೋ ಆಕಾಶ ಬಿಳಚಿಕೊಳ್ಳುತ್ತದೆ, ಇಲ್ಲ ನೆರಳು ಕಪ್ಪಾಗುತ್ತದೆ. ಸುಣ್ಣ ಬಳಿದ ಗೋಡೆಯ ನೆರಳನ್ನು ಎದುರಿಗೆ ಕೂತು ನೋಡಿ. ಆಕಾಶಕ್ಕೆ ಮುಖ ಮಾಡಿದ ಕಡೆ ತೆಳು ನೀಲಿ, ಕೆಳಗೆ ಕೆಮ್ಮಣ್ಣಿನ ನೆಲ ಇದ್ದರೆ ಬುಡದ ಕಡೆ ಬೆಚ್ಚಗಿನ ಕೆಂಪು. ಫೋಟೋದಲ್ಲಿ ಎಲ್ಲಾ ಬೂದಿ ಬಣ್ಣ. ಮಕ್ಕಳು ನೆರಳಿಗೆ ಕಪ್ಪು ಕಲಸುವುದು ಇದರಿಂದಲೇ ಕಲಿತದ್ದು.

ಟೈಮ್ ಸಾಲದು ಅನ್ನೋದಕ್ಕೆ ನನ್ನ ಉತ್ತರ, ಹಾಳೆ ಸಣ್ಣದು ಮಾಡಿ. ಜಲವರ್ಣದ ಪೂರ್ತಿ ಹಾಳೆ 22 ಇಂಚು 30 ಇಂಚು. ಅದರ ಕಾಲು ಭಾಗ ತಗೊಂಡು ಬರುತ್ತೀರಿ, ಹತ್ತಕ್ಕೆ ಅರ್ಧವೂ ಆಗಿರೋದಿಲ್ಲ. ಎಂಟನೇ ಒಂದು ಭಾಗ ತಗೊಳ್ಳಿ, ಅಂದರೆ ಸುಮಾರು ಏಳೂವರೆಗೆ ಹನ್ನೊಂದು ಇಂಚು. ಅಗಲ ಕುಂಚ ಒಂದು, ತುದಿ ಚೂಪಾದ ದುಂಡು ಕುಂಚ ಒಂದು, ಸಾಕು. ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಮತ್ತೆ, ಮೊದಲು ನೆರಳು ಹಾಕಿಬಿಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ನೀವು ಮರದ ಎಲೆ ತಿದ್ದುತ್ತಾ ಕೂತರೆ ನೆರಳು ರಸ್ತೆಯ ಆ ಕಡೆ ಹೋಗಿರುತ್ತದೆ. ಕೂತ ಕೂಡಲೇ ಕಣ್ಣು ಅರೆಮುಚ್ಚಿ ನೋಡಿ, ಬೆಳಕು ಎಲ್ಲಿ, ನೆರಳು ಎಲ್ಲಿ ಅಂತ ಎರಡೇ ಭಾಗ ಮಾಡಿ, ನೆರಳಿನ ಆಕಾರಗಳನ್ನು ಒಂದೇ ವಾಷ್‌ನಲ್ಲಿ, ಅಂದರೆ ನೀರು ಬೆರೆಸಿದ ಬಣ್ಣದ ಒಂದೇ ತೆಳು ಪದರದಲ್ಲಿ, ಕಟ್ಟಿಬಿಡಿ. ಆಮೇಲೆ ಬೆಳಕು ಎಷ್ಟು ಬದಲಾದರೂ ನೀವು ಬದಲಿಸಬೇಡಿ.

ಬೆಂಗಳೂರಿನವರು ರುಮಾಲೆ ಚನ್ನಬಸವಯ್ಯನವರ (1910-1988) ಚಿತ್ರಗಳನ್ನು ಒಮ್ಮೆ ಹೋಗಿ ನೋಡಿ. ಸ್ವಾತಂತ್ರ್ಯ ಹೋರಾಟಕ್ಕೆ ಹೋಗಿ ಎಷ್ಟೋ ವರ್ಷ ಕುಂಚ ಕೆಳಗಿಟ್ಟವರು, ಮತ್ತೆ ಹಿಡಿದಾಗ ಬೆಂಗಳೂರಿನ ಹೂ ಬಿಟ್ಟ ಮರಗಳ ಎದುರೇ ನಿಂತು ಬರೆದರು. ಅವರ ಗುಲ್‌ಮೊಹರಿನಲ್ಲಿ ಎಷ್ಟು ಥರದ ಕೆಂಪಿದೆ ಅಂತ ಹತ್ತಿರ ಹೋಗಿ ಎಣಿಸಿ. ಅಷ್ಟನ್ನೂ ಫೋಟೋ ಕೊಡೋದಿಲ್ಲ.

ಜಯನಗರ ಸ್ಕೆಚ್

ಮೇಷ್ಟ್ರೇ, ಸಣ್ಣ ಹಾಳೆ ಮಾತು ಒಪ್ಪಿದೆ. ನಮ್ಮ ಗುಂಪಿನಲ್ಲಿ ಎಲ್ಲರೂ ದೊಡ್ಡ ಪ್ಯಾಡ್ ತರುತ್ತಾರೆ, ಅದನ್ನು ನೋಡಿ ನಾನೂ ತರುತ್ತಿದ್ದೆ.

ಒಂದು ಸೇರಿಸ್ತೀನಿ. ಬೆಂಗಳೂರಿನಲ್ಲಿ ಹೊರಗೆ ಬರೆಯುವವರಿಗೆ ಮರಗಳೇ ಪಂಚಾಂಗ. ವರ್ಷದ ಶುರುವಿನಲ್ಲಿ ಗುಲಾಬಿ ಟಬೂಬಿಯ, ಆಮೇಲೆ ನೀಲಿ ಜಕರಂಡ, ಹೊಂಗೆಯ ಎಳೆ ಹಸಿರು, ಏಪ್ರಿಲ್-ಮೇ ಬಂತು ಅಂದ್ರೆ ಗುಲ್‌ಮೊಹರ್. ಒಂದಾದ ಮೇಲೆ ಒಂದು ಹೂ ಬಿಡುವ ಹಾಗೆ ಮರ ನೆಡುವ ಯೋಚನೆ ಲಾಲ್‌ಬಾಗ್ ನೋಡಿಕೊಂಡಿದ್ದ ಕ್ರುಂಬಿಗಲ್ ಅವರದ್ದು. ಹಾಗಾಗಿ ಒಂದೇ ಜಾಗಕ್ಕೆ ಮತ್ತೆ ಹೋಗಿ ಅನ್ನೋ ಸಲಹೆ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತೆ, ತಿಂಗಳು ಬಿಟ್ಟು ಹೋದರೆ ಅದೇ ರಸ್ತೆ ಬೇರೆ ಬಣ್ಣ. ಆದರೆ ಆಗ ಬಿಟ್ಟ ಚಿತ್ರ ಮುಗಿಸೋಕೆ ಆಗಲ್ಲ, ಹೊಸದು ಶುರು ಮಾಡಬೇಕು.

ಮಲ್ಪೆ ಗಾಳಿ

ನೀವೆಲ್ಲ ಘಟ್ಟದ ಮೇಲಿನವರು ಮಾತಾಡುತ್ತಿದ್ದೀರಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಷ್ ಒಣಗೋದೇ ಇಲ್ಲ ಮಾರಾಯ್ರೆ. ಆಕಾಶ ಹಾಕಿ ಒಣಗಲಿ ಅಂತ ಕಾದರೆ ಚಹಾ ಕುಡಿದು ಬಂದರೂ ಹಸಿ. ಅದರ ಮೇಲೆ ದೋಣಿ ಬರೆದರೆ ದೋಣಿ ಆಕಾಶಕ್ಕೆ ಹರಡಿಕೊಳ್ಳುತ್ತದೆ. ನಾವು ಏನು ಮಾಡುತ್ತೇವೆ ಅಂದರೆ, ಮಳೆಗಾಲದಲ್ಲಿ ಜಲವರ್ಣಕ್ಕೆ ಗಂಟು ಬೀಳದೆ ಇಂಕ್ ಪೆನ್ನು ಮತ್ತು ಒಂದೇ ತೆಳು ಬಣ್ಣ. ಇಲ್ಲವೇ ಹಸಿಯಲ್ಲೇ ಪೂರ್ತಿ ಬರೆದು ಬಿಡೋದು, ಹೇಗೂ ಮಳೆಯ ಕಡಲಿಗೆ ಗಡಿ ಎಲ್ಲಿದೆ, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರು ಅಂತ ಕಣ್ಣಿಗೂ ಗೊತ್ತಾಗೋದಿಲ್ಲ.

ಒಳ್ಳೆಯ ವಿಷಯ ಒಂದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಎರಡು ತಿಂಗಳು ಅಲ್ಲಾಡೋದಿಲ್ಲ. ಉಳಿದ ತಿಂಗಳು ನಾವು ಬರೆಯಲು ಕೂತ ಬೋಟು ನಮ್ಮ ಕಣ್ಣೆದುರೇ ಹೊರಟು ಹೋಗುತ್ತದೆ! ಮೈಸೂರಿನವರು ಹೇಳಿದ ಹಾಗೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಲು ನಮಗೆ ಅದೇ ಸೀಸನ್. ಬಲೆ ರಿಪೇರಿ ಮಾಡುವವರು ಸಾಲಾಗಿ ಕೂತಿರುತ್ತಾರೆ, ಅವರೂ ತಾಸುಗಟ್ಟಲೆ ಒಂದೇ ಕಡೆ ಕೂರುವವರಾದ್ದರಿಂದ ನಮ್ಮನ್ನು ವಿಚಿತ್ರವಾಗಿ ನೋಡೋದಿಲ್ಲ.

ಬಾದಾಮಿ ಕೆಂಪು

ನಮ್ಮ ಕಡೆ ಇದಕ್ಕೆ ಪೂರಾ ಉಲ್ಟಾ ನೋಡ್ರಿ. ಏಪ್ರಿಲ್‌ನಲ್ಲಿ ಬಾದಾಮಿ ಬಂಡೆ ಮುಂದೆ ಕೂತರೆ ಕುಂಚ ಹಾಳೆಯ ಆ ತುದಿಗೆ ಹೋಗುವುದರೊಳಗೆ ಈ ತುದಿ ಒಣಗಿರುತ್ತದೆ. ವಾಷ್‌ನಲ್ಲಿ ಗೆರೆ ಗೆರೆ ಬೀಳುತ್ತದೆ. ಅದಕ್ಕೆ ನಾವು ಸ್ಪ್ರೇ ಬಾಟಲಿ ಇಟ್ಟುಕೊಳ್ಳುತ್ತೇವೆ, ಹಾಳೆಯ ಹಿಂದೆಯೂ ನೀರು ಹಚ್ಚಿ ಬೋರ್ಡಿಗೆ ಅಂಟಿಸುತ್ತೇವೆ, ಸ್ವಲ್ಪ ಹೊತ್ತು ತಡೆಯುತ್ತದೆ. ಪ್ಯಾಲೆಟ್ಟಿನಲ್ಲಿ ಬಣ್ಣ ಜಾಸ್ತಿ ಕಲಸಿಟ್ಟುಕೊಳ್ಳಬೇಕು, ನಡುವೆ ಸಾಲದಾದರೆ ಅದೇ ಬಣ್ಣ ಮತ್ತೆ ಬರೋದಿಲ್ಲ.

ಮುಂಜಾನೆ ಏಳು ಅನ್ನೋದು ಎಲ್ಲಾ ಜಾಗಕ್ಕೂ ಸರಿಯಲ್ಲ. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಗೆ ಸಂಜೆಯ ಬೆಳಕು ಚಂದ. ಇಳಿಬಿಸಿಲು ಬಿದ್ದಾಗ ಮರಳುಗಲ್ಲು ಒಳಗಿಂದಲೇ ಬಿಸಿಯಾದ ಹಾಗೆ ಕಾಣುತ್ತದೆ, ಕೆರೆಯ ಹಸಿರು ನೀರಿನಲ್ಲಿ ಅದರ ಬಿಂಬ ಕಂದು. ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಒಂದರಲ್ಲೇ ಬಂಡೆ ಬರುತ್ತದೆ ಅಂತ ಹೊರಗಿನಿಂದ ಬಂದವರು ತಿಳಿದಿರುತ್ತಾರೆ. ಅದಕ್ಕೆ ಒಂಚೂರು ಗುಲಾಬಿ ಸೇರದಿದ್ದರೆ ಬಾದಾಮಿ ಆಗೋದಿಲ್ಲ, ಇಟ್ಟಿಗೆ ಗೂಡು ಆಗುತ್ತದೆ.

ಕೋತಿಗಳ ಬಗ್ಗೆ ಹೇಳಲೇಬೇಕು. ತಿಂಡಿ ಚೀಲ ಬಣ್ಣದ ಚೀಲದೊಳಗೆ ಇಡಬೇಡಿ. ಬಾಳೆಹಣ್ಣಿನ ಆಸೆಗೆ ಪೂರ್ತಿ ಪೆಟ್ಟಿಗೆ ಬಂಡೆ ಮೇಲೆ ಒಯ್ಯುತ್ತವೆ. ಗುಂಪಿನಲ್ಲಿ ಸರದಿ ಮೇಲೆ ಒಬ್ಬರು ಬರೆಯದೆ ಕೋಲು ಹಿಡಿದು ಕೂರೋದು ನಮ್ಮಲ್ಲಿ ರೂಢಿ.

ಹೊಸ ಕುಂಚ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳೇ, ಶಾಲೆ ಬಿಟ್ಟ ಮೇಲೆ ಕುಂಚ ಹಿಡಿದಿಲ್ಲ, ಈಗ ಮತ್ತೆ ಶುರು ಮಾಡಬೇಕು ಅಂತ ತುಂಬಾ ಆಸೆ. ಎರಡು ಭಯ ಇವೆ. ರಸ್ತೆಯಲ್ಲಿ ಕೂತಾಗ ಜನ ಹಿಂದೆ ನಿಂತು ನೋಡುತ್ತಾರಲ್ಲ, ಅದು. ಮತ್ತೆ ಕೊನೆಗೆ ಎಲ್ಲರ ಚಿತ್ರ ನೆಲದ ಮೇಲೆ ಇಡ್ತೀರಲ್ಲ, ನನ್ನದು ಚೆನ್ನಾಗಿರೋರ ಪಕ್ಕ ಇರುತ್ತೆ ಅನ್ನೋದು. ಸಾಮಾನು ಏನು ತರಬೇಕು ಅಂತಾನೂ ಹೇಳಿ.

ಕುಕ್ಕರಹಳ್ಳಿ ದಂಡೆ

ಬನ್ನಿ, ಖಂಡಿತ ಬನ್ನಿ. ಮೊದಲನೇ ಭಯಕ್ಕೇ ಗುಂಪು ಇರೋದು. ಒಬ್ಬ ಹೆಂಗಸು ಮಾರ್ಕೆಟ್ಟಿನ ಮೂಲೆಯಲ್ಲಿ ಎರಡು ಗಂಟೆ ಸುಮ್ನೆ ಕೂತರೆ ಹತ್ತು ಪ್ರಶ್ನೆ. ಯಾರಿಗೆ ಕಾಯ್ತಿದ್ದೀರಿ, ಯಾವ ಆಫೀಸಿನಿಂದ ಬಂದಿದ್ದೀರಿ, ಸರ್ವೇನಾ? ಹದಿನೈದು ಜನ ಕುಂಚ ಹಿಡಿದು ಕೂತರೆ ಒಂದೇ ನೋಟಕ್ಕೆ ಎಲ್ಲರಿಗೂ ಅರ್ಥ ಆಗುತ್ತೆ, ಓ ಚಿತ್ರ ಬರೆಯೋರು ಅಂತ. ನಮ್ಮ ಊರುಗಳಲ್ಲಿ ಏನೂ ಕೊಳ್ಳದೆ, ಯಾರಿಗೂ ಕಾಯದೆ, ಬೀದಿಯಲ್ಲಿ ಕೂತು ನೋಡುವ ಹಕ್ಕು ಹೆಂಗಸರಿಗೆ ಸುಲಭಕ್ಕೆ ಸಿಗೋದಿಲ್ಲ. ನನಗೆ ಅದು ಸಿಕ್ಕಿದ್ದು ಈ ಗುಂಪಿನಿಂದ. ಫೋಟೋ ಹೊಡೆದು ಅರ್ಧಕ್ಕೆ ಎದ್ದು ಹೋಗುವವರ ಮೇಲೆ ನನ್ನ ತಕರಾರು ಇರೋದೂ ಇದಕ್ಕೇ. ಎಂಟೂವರೆಗೆ ಅರ್ಧ ಜನ ಎದ್ದರೆ ಉಳಿದ ಮೂರ್ನಾಲ್ಕು ಹೆಂಗಸರು ಒಂಟಿಯಾಗಿಬಿಡುತ್ತೇವೆ.

ಹಿಂದೆ ನಿಂತು ನೋಡೋರು ಒಳ್ಳೆಯವರೇ ಹೆಚ್ಚು. ಹೂ ಮಾರೋ ಅಜ್ಜಿಯೊಬ್ಬರು ತಮ್ಮ ಚಿತ್ರ ನೋಡಿ, ಮೊಳ ಹಾಕೋವಾಗ ಕೈ ಹಿಂಗಿರಲ್ಲ ಕಣಮ್ಮ ಅಂತ ಮತ್ತೆ ಹಾಕಿ ತೋರಿಸಿದರು. ಅವರು ಹೇಳಿದ್ದು ಸರಿ ಇತ್ತು, ಮೊಣಕೈ ಇನ್ನೂ ಹೊರಗೆ ಬರಬೇಕಿತ್ತು.

ನೆಲದ ಮೇಲೆ ಇಡೋದಕ್ಕೆ ಒಂದು ಕಟ್ಟಳೆ ಇದೆ. ಬರೆದವರು ಮಾತಾಡಬಾರದು, ನೋಡಿದವರು ಮೊದಲು ತಮಗೆ ಏನು ಕಾಣಿಸಿತು ಅಂತ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಎರಡು ಮಾತೂ ನಿಷೇಧ. ಒಂದೇ ಕಂಬವನ್ನು ಏಳು ಜನ ಏಳು ಥರ ನೋಡಿರೋದು ಕಂಡಾಗ ನಿಮಗೇ ಗೊತ್ತಾಗುತ್ತೆ.

ಡ್ರಾಯಿಂಗ್ ಮೇಷ್ಟ್ರು

ಸಾಮಾನಿನ ವಿಷಯ ನಾನು ಹೇಳುತ್ತೇನೆ ಅಮ್ಮ. ದುಬಾರಿ ಬಣ್ಣ ಬೇಡ, ಕಾಗದಕ್ಕೆ ದುಡ್ಡು ಹಾಕಿ. 300 ಜಿಎಸ್‌ಎಂನ ದಪ್ಪ ಕಾಗದ ಇದ್ದರೆ ನೀರು ಬಿದ್ದರೂ ಉಬ್ಬೋದು ಕಡಿಮೆ. ಬಣ್ಣ ಕ್ಯಾಮೆಲ್ ಟ್ಯೂಬುಗಳೇ ಸಾಕು. ಒಂದು ಹಳದಿ, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ. ಕೊನೆಯ ಎರಡನ್ನು ಕಲಸಿದರೆ ಬೇಕಾದಷ್ಟು ಬಗೆಯ ಬೂದು ಬರುತ್ತದೆ, ಮಳೆಮೋಡದಿಂದ ಹಿಡಿದು ಕಲ್ಲಿನ ಕಂಬದವರೆಗೆ. ಕಪ್ಪು ಟ್ಯೂಬು ಮನೆಯಲ್ಲೇ ಬಿಟ್ಟು ಬನ್ನಿ. ಚಾಮುಂಡಿ ಬೆಟ್ಟದ ನಂದಿ ಬರೆಯಲು ಕೂತವರು ಮೊದಲು ಕಪ್ಪು ಹುಡುಕುತ್ತಾರೆ. ಎಣ್ಣೆ ಹೊಳಪಿನ ಆ ಬೆನ್ನಿನ ಮೇಲೆ ಆಕಾಶದ ನೀಲಿ ಇದೆ, ಕೊರಳಿನ ಕೆಳಗೆ ಕಂದು ಇದೆ. ಬರೀ ಕಪ್ಪು ಎಲ್ಲೂ ಇಲ್ಲ.

ಟ್ಯೂಬಿನಲ್ಲಿ ಬಣ್ಣ ತುಂಬೋದು 1841ರಲ್ಲಿ ಜಾನ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ಕಂಡುಹಿಡಿದದ್ದು. ಅಲ್ಲಿವರೆಗೆ ಎಣ್ಣೆಬಣ್ಣದವರು ಹಂದಿಯ ಮೂತ್ರಕೋಶದ ಚೀಲದಲ್ಲಿ ಬಣ್ಣ ಕಟ್ಟಿಕೊಂಡು ಹೋಗಬೇಕಿತ್ತು. ಎಣ್ಣೆಬಣ್ಣ ಇಷ್ಟು ಸಲೀಸಾಗಿ ಬಯಲಿಗೆ ಬಂದದ್ದು ಆಮೇಲೆಯೇ.

ಬೇಸಿಗೆಯಲ್ಲಿ ಶುರು ಮಾಡುತ್ತಿದ್ದರೆ ಒಂಬತ್ತೂವರೆಗೆಲ್ಲ ನಿಲ್ಲಿಸಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರೋದಿಲ್ಲ. ಮೈಸೂರಿಗೂ ಹೆಚ್ಚು ಕಡಿಮೆ ಅದೇ ಸಮಯ. ಆ ದಿನಗಳಲ್ಲಿ ಹನ್ನೊಂದರ ಮೇಲೆ ಏನು ನೋಡಿದರೂ ಚಪ್ಪಟೆ.

ಬಾದಾಮಿ ಕೆಂಪು

ಸಂರಕ್ಷಿತ ಸ್ಮಾರಕಗಳಲ್ಲಿ ಬರೆಯುವವರಿಗೆ ಒಂದು ಮಾತು. ಕ್ಯಾಮೆರಾದ ಟ್ರೈಪಾಡಿಗೆ ಅನುಮತಿ ಬೇಕು ಅಂತ ನಿಯಮ ಇದೆ, ಹಾಳೆ ನಿಲ್ಲಿಸುವ ನಮ್ಮ ಈಸೆಲ್ಲೂ ಮೂರು ಕಾಲಿನದೇ, ಕಾವಲಿನವರು ತಡೆಯೋದು ಸಹಜ. ತೊಡೆ ಮೇಲೆ ಬೋರ್ಡ್ ಇಟ್ಟುಕೊಂಡು ಬರೆದರೆ ಯಾರೂ ಏನೂ ಅನ್ನೋದಿಲ್ಲ. ದೊಡ್ಡ ಗುಂಪು ಬರುವುದಿದ್ದರೆ ಮೊದಲೇ ಹೋಗಿ ಮಾತಾಡಿ ಬನ್ನಿ.

ನೀರು ಮನೆಯಿಂದ ತನ್ನಿ, ಕೊಳೆ ನೀರು ವಾಪಸ್ ಬಾಟಲಿಯಲ್ಲೇ ಒಯ್ಯಿರಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ಪುಷ್ಕರಣಿಯಲ್ಲಿ ಕುಂಚ ಅದ್ದುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಜನ ಕಾಲು ತೊಳೆಯಲೂ ಕೈ ಮುಗಿದು ಇಳಿಯುವ ನೀರು ಅದು.

ಕುಕ್ಕರಹಳ್ಳಿ ದಂಡೆ

ನೂರಕ್ಕೆ ನೂರು ಸರಿ. ಮೇಲುಕೋಟೆ ಕಲ್ಯಾಣಿಗೆ ಹೋದಾಗ ನಾವೂ ಇದನ್ನು ಮೊದಲೇ ಹೇಳಿಬಿಡುತ್ತೇವೆ.

ಇವತ್ತು ಗುಂಪಿನಲ್ಲಿ ಕೂತು ಮಾತಾಡಿದೆವು, ಇಲ್ಲಿ ಬಂದ ಮಾತುಗಳನ್ನೆಲ್ಲ ಓದಿ ಹೇಳಿದೆ. ಫೋಟೋ ನೋಡಿ ಮುಗಿಸಲೇಬಾರದು ಅಂತ ನಿಯಮ ಮಾಡಿಲ್ಲ, ಜಯನಗರದವರು ಹೇಳಿದ ಕಷ್ಟ ನಮ್ಮಲ್ಲೂ ಹಲವರಿಗೆ ಇದೆ. ಆದರೆ ಮೂರು ಬದಲಾವಣೆ ಒಪ್ಪಿಕೊಂಡರು. ಎಲ್ಲರೂ ಎಂಟನೇ ಒಂದು ಹಾಳೆ. ಒಂದೇ ಜಾಗಕ್ಕೆ ಎರಡು ಭಾನುವಾರ ಬೆನ್ನಿಗೆ ಬೆನ್ನು, ಅದೇ ಹೊತ್ತಿಗೆ. ಹತ್ತರವರೆಗೆ ಯಾರೂ ಏಳೋದಿಲ್ಲ, ಬರೆದು ಮುಗಿದಿದ್ದರೆ ಪಕ್ಕದವರ ಜೊತೆ ಕೂತು ನೋಡೋದು.

ಮೊದಲನೇ ಜೋಡಿ ಭಾನುವಾರಕ್ಕೆ ದೇವರಾಜ ಮಾರ್ಕೆಟ್ಟನ್ನೇ ಆರಿಸಿದೆವು. ಅದಕ್ಕೆ ಕಾರಣ ಇದೆ. 2012ರಲ್ಲಿ ಅಲ್ಲೇ ಹತ್ತಿರದ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು, 2016ರಲ್ಲಿ ಮಾರ್ಕೆಟ್ಟಿನ ಒಂದು ಭಾಗವೇ ಬಿತ್ತು. ಉಳಿಸಬೇಕಾ ಕೆಡವಬೇಕಾ ಅಂತ ವರ್ಷಗಟ್ಟಲೆ ವಾದ ನಡೆದಿದೆ. ಅದನ್ನು ತೀರ್ಮಾನ ಮಾಡೋದು ನಮ್ಮ ಕೈಲಿಲ್ಲ. ಆದರೆ ಕಮಾನಿನ ಕೆಳಗೆ ಬೆಳಿಗ್ಗೆ ಎಂಟಕ್ಕೆ ಬೆಳಕು ಹೇಗೆ ಬೀಳುತ್ತೆ, ವೀಳ್ಯದೆಲೆ ಅಂಗಡಿಯವರು ಎಲೆ ಹೇಗೆ ಜೋಡಿಸ್ತಾರೆ ಅಂತ ಕಂಡವರು ಬರೆದಿಡಬಹುದಲ್ಲ. ಅದಕ್ಕೇ ಅಲ್ಲಿ ಗಡಿಬಿಡಿ ಬೇಡ ಅಂತ ನಾನು ಇಷ್ಟು ಹಟ ಮಾಡಿದ್ದು.

ಹೊಸ ಕುಂಚ

ನಾನೂ ಬರ್ತೀನಿ. ಕಾಗದ ತಗೊಂಡೆ. ಬಿಸಿಲಿಗೆ ಛತ್ರಿ ತರಬೇಕಾ? ನನ್ನ ಹತ್ತಿರ ಕೆಂಪು ಹೂವಿನದು ಇದೆ.

ಡ್ರಾಯಿಂಗ್ ಮೇಷ್ಟ್ರು

ಛತ್ರಿ ಬೇಕೇ ಬೇಕು, ಆದರೆ ಆ ಕೆಂಪು ಬೇಡ. ಅದರಡಿ ಕೂತರೆ ಹಾಳೆ ಪೂರ್ತಿ ಕೆಂಪಗೆ ಕಾಣುತ್ತದೆ, ನೀವು ಕಲಸುವ ಬಣ್ಣ ಎಲ್ಲಾ ತಪ್ಪುತ್ತದೆ. ಕರಿ ಛತ್ರಿ ತನ್ನಿ. ಹಾಳೆ ಮೇಲೆ ನೇರ ಬಿಸಿಲೂ ಬೀಳಬಾರದು, ಕಣ್ಣು ಕುಕ್ಕಿ ಬಣ್ಣ ಗಾಢವಾಗಿ ಹಾಕಿಬಿಡುತ್ತೀರಿ, ಮನೆಗೆ ಹೋಗಿ ನೋಡಿದರೆ ಚಿತ್ರ ಕತ್ತಲೆ. ಮಾರ್ಕೆಟ್ಟಿನಲ್ಲಿ ನೀಲಿ ಟಾರ್ಪಾಲಿನ ಅಡಿಯೂ ಕೂರಬೇಡಿ, ಅದೂ ಇದೇ ಕಥೆ. ಎದುರಿನ ಕಮಾನಿನ ನೆರಳಿನಲ್ಲಿ ಕೂತು ಟಾರ್ಪಾಲಿನ ಕೆಳಗಿನದನ್ನು ನೋಡಿ ಬರೆಯಿರಿ.

ಕುಕ್ಕರಹಳ್ಳಿ ದಂಡೆ

ಕರಿ ಛತ್ರಿ ನನ್ನ ಹತ್ತಿರ ಎರಡಿದೆ, ಒಂದು ನಿಮಗೆ ತರ್ತೀನಿ. ಗಡಿಯಾರದ ಗೋಪುರದ ಕಡೆಯಿಂದ ಬಂದು ಬಾಗಿಲ ಹತ್ತಿರ ನಿಂತಿರಿ, ಏಳಕ್ಕೆ.